ಯಾರು ಒತ್ತಬೇಕು ಸಾರ್?

ರೈಲು ಹೊರಡುವ ಹೊತ್ತಿಗೆ ಕಿಟಕಿಯೊಳಗೆ ಕೈ ಹಾಕಿ ಫೋನ್ ಕಿತ್ತುಕೊಂಡು ಓಡುವವರ ಬಗ್ಗೆ ಬೇಕಾದಷ್ಟು ಕೇಳಿದ್ದೆ. ಈ ವಾರ ನನ್ನ ಎದುರು ಸೀಟಿನಲ್ಲೇ ನಡೆಯಿತು. "ಏಯ್!" ಅನ್ನುವಷ್ಟರಲ್ಲಿ ಪ್ಲಾಟ್‌ಫಾರ್ಮ್ ದಾಟಿಯಾಗಿತ್ತು.

ಆ ಹುಡುಗ ಇನ್ನೂ ಸುಧಾರಿಸಿಕೊಂಡಿರಲಿಲ್ಲ, ಪಕ್ಕದ ಹಿರಿಯರು ಶುರು ಮಾಡಿದರು. "ಕಿಟಕಿ ಪಕ್ಕ ಕೂತು ಯಾರಾದ್ರೂ ಫೋನ್ ನೋಡ್ತಾರೇನಪ್ಪಾ?" ಇಂಥವರು ಪ್ರತಿ ಬೋಗಿಯಲ್ಲೂ ಒಬ್ಬರಿರುತ್ತಾರೆ. ಮಾತೇನೋ ಸರಿ, ಆದರೆ ಆಡುವ ಹೊತ್ತಾ ಅದು?

ನನ್ನ ಫೋನ್ ಕೊಟ್ಟು, "ಮೊದಲು ಮನೆಗೆ ಕಾಲ್ ಮಾಡಿ" ಅಂದೆ. ಅವನ ಹೆಬ್ಬೆರಳು ಒಂಬತ್ತರ ಮೇಲೆ ಹೋಗಿ ನಿಂತಿತು. ಆಮೇಲೆ ಎಂಟಕ್ಕೆ ಬಂತು. ಅಲ್ಲೂ ನಿಂತಿತು. ಅಮ್ಮನ ನಂಬರ್ ಬಾಯಿಗೆ ಬರುತ್ತಿಲ್ಲ.

ಹೋಗಲಿ, ಫೋನನ್ನಾದರೂ ಲಾಕ್ ಮಾಡೋಣ ಅಂತ ಗೂಗಲ್‌ನ ಫೈಂಡ್ ಹಬ್ ತೆರೆದೆವು. ಪುಣ್ಯಕ್ಕೆ ಪಾಸ್‌ವರ್ಡ್ ನೆನಪಿತ್ತು. ಹಾಕಿದ ಕೂಡಲೇ ಬಂತು ನೋಡಿ: ನಿಮ್ಮ ಫೋನ್‌ಗೆ ಸೂಚನೆ ಕಳಿಸಿದ್ದೇವೆ, 'ಹೌದು' ಅಂತ ಒತ್ತಿ.

ಹುಡುಗ ನನ್ನ ಮುಖ ನೋಡಿದ. "ಯಾರು ಒತ್ತಬೇಕು ಸಾರ್, ಅವನಾ?"

ಬೇರೆ ದಾರಿ ಕೇಳಿದರೆ ಒಟಿಪಿ ಅಂದಿತು. ಅದೂ ಅದೇ ಸಿಮ್‌ಗೆ! ಕೊನೆಗೆ ಕಸ್ಟಮರ್ ಕೇರ್‌ಗೆ ಕರೆ ಮಾಡಿ ಸಿಮ್ ಬಂದ್ ಮಾಡಿಸಿದ್ದಷ್ಟೇ ಆದದ್ದು.

"ಅವನಾ?" ಅಂದದ್ದು ಇನ್ನೂ ಕಿವಿಯಲ್ಲಿದೆ. ನಗು ಬರುತ್ತದೆ, ಸಿಟ್ಟೂ ಬರುತ್ತದೆ. ಜಿಪ್ ಇರುವ ಜೇಬು, ಹಿಂದಿನ ಜೇಬು ಬೇಡ, ಕೈಗೆ ದಾರ ಕಟ್ಟಿಕೊಳ್ಳಿ ಅಂತ ಹೇಳುವ ಬುದ್ಧಿಮಾತೆಲ್ಲ ಕಳ್ಳನ ಕೈ ತಡೆಯಲಿಕ್ಕೆ. ಕೈ ಹಾಕಿಯೇ ಬಿಟ್ಟರೆ ಮುಂದೇನು? ಜೇಬಿನಿಂದ ಹೋದ ಫೋನ್ ಲಾಕ್ ಆಗಿರುತ್ತದೆ. ಕೈಯಿಂದ ಕಿತ್ತುಕೊಂಡದ್ದು ತೆರೆದೇ ಇರುತ್ತದೆ. ಎರಡೂ ಒಂದೇ ಕಳ್ಳತನವಲ್ಲ. ಆಂಡ್ರಾಯ್ಡ್‌ನಲ್ಲಿ ಈಗ 'ಥೆಫ್ಟ್ ಡಿಟೆಕ್ಷನ್ ಲಾಕ್' ಅಂತ ಇದೆ. ಯಾರೋ ಕಿತ್ತುಕೊಂಡು ಓಡಿದ್ದು ಅದರ ಚಲನೆಯಿಂದಲೇ ಗೊತ್ತಾದರೆ ಪರದೆ ತಾನೇ ಲಾಕ್ ಆಗುತ್ತದೆ. ಐಫೋನ್‌ನಲ್ಲಿ 2024ರಿಂದ ಇನ್ನೊಂದು ಏರ್ಪಾಡಿದೆ. ಮನೆ, ಆಫೀಸಿನಂಥ ಪರಿಚಿತ ಜಾಗದಿಂದ ದೂರ ಇದ್ದಾಗ ಆಪಲ್ ಖಾತೆಯ ಪಾಸ್‌ವರ್ಡ್ ಬದಲಿಸಲು ಮುಖವನ್ನೋ ಬೆರಳನ್ನೋ ತೋರಿಸಬೇಕು, ಒಂದು ಗಂಟೆ ಕಾದು ಮತ್ತೆ ತೋರಿಸಬೇಕು. ಆದರೆ ಇವೆಲ್ಲ ಆನ್ ಆಗಿವೆಯಾ ಅಂತ ಎಷ್ಟು ಜನ ನೋಡಿರುತ್ತೇವೆ?

ನನಗೆ ಜಾಸ್ತಿ ಹಿಡಿಸಿದ್ದು ಮಾತ್ರ ಕಾಗದದ ಉಪಾಯ. ಗೂಗಲ್ ಖಾತೆಯಲ್ಲಿ ಬ್ಯಾಕಪ್ ಕೋಡ್ ಕೇಳಿದರೆ ಎಂಟಂಕಿಯ 10 ಕೋಡ್ ಕೊಡುತ್ತದೆ. ಒಂದೊಂದೂ ಒಂದೇ ಸಲಕ್ಕೆ. ಅವನ್ನು ಬರೆದು ಫೋನ್ ಇಲ್ಲದ ಜೇಬಿನಲ್ಲಿಟ್ಟರೆ, ಪಾಸ್‌ವರ್ಡ್ ಆದಮೇಲೆ ಅದರಲ್ಲೊಂದು ಹಾಕಿದರಾಯಿತು, 'ಹೌದು' ಒತ್ತಲು ಕಳ್ಳನ ದಾರಿ ಕಾಯಬೇಕಿಲ್ಲ. ಮನೆಯವರ ನಂಬರನ್ನೂ ಅದೇ ಚೀಟಿಯಲ್ಲಿ ಬರೆದಿದ್ದೇನೆ. ಕೈಬರಹ ನನ್ನದೇ ಅಂತ ನಂಬಲಿಕ್ಕಾಗದಷ್ಟು ಕೆಟ್ಟಿದೆ, ಇರಲಿ.

ಸಿಮ್ ಪಿನ್, ಅಂದರೆ ಸಿಮ್ಮಿಗೇ ಹಾಕುವ ಗುಟ್ಟಿನ ಸಂಖ್ಯೆಯ ವಿಷಯ ರೈಲಿನಲ್ಲೇ ಹುಡುಗನಿಗೆ ಹೇಳುತ್ತಿದ್ದೆ. ಸಿಮ್ ತೆಗೆದು ಬೇರೆ ಫೋನ್‌ಗೆ ಹಾಕಿದರೆ ಒಟಿಪಿ ಎಲ್ಲ ಅಲ್ಲಿಗೇ ಹೋಗುತ್ತದೆ, ಪಿನ್ ಇದ್ದರೆ ಅಲ್ಲೇ ತಡೆಯುತ್ತದೆ ಅಂತ. ಹಿರಿಯರು ತಮ್ಮ ಫೋನ್ ಚಾಚಿದರು. "ನಂಗೂ ಹಾಕ್ಕೊಡಿ."

"ಸಿಮ್ ಜೊತೆ ಬಂದ ಹಳೇ ಪಿನ್ ಗೊತ್ತಾ?"

"ನಾನು ಹುಟ್ಟಿದ ವರ್ಷ ಹಾಕಿ ನೋಡಿ."

ಮೂರು ಸಲ ತಪ್ಪಾದರೆ ಸಿಮ್ಮೇ ಲಾಕ್, ಆಮೇಲೆ ಅದನ್ನು ಬಿಡಿಸಲು ಕಂಪನಿಯವರಿಂದ ಪಿಯುಕೆ ಅನ್ನುವ ಕೋಡ್ ತರಬೇಕು ಅಂದೆ. ಅವರು ಒಂದು ಕ್ಷಣ ಯೋಚಿಸಿದರು.

"ಹಾಗಾದ್ರೆ ಮಗ ಹುಟ್ಟಿದ ವರ್ಷ ಹಾಕಿ."