ಮೈಸೂರಿನ ಪದವಿ, ಮಂಗಳೂರಿನ ದಿನಗಳು

ನನ್ನ ಪದವಿ ಪ್ರಮಾಣಪತ್ರದಲ್ಲಿ ಮೈಸೂರು ವಿಶ್ವವಿದ್ಯಾನಿಲಯದ ಹೆಸರಿದೆ. ಮಂಗಳೂರಿನಲ್ಲಿ ಓದಿದವರಿಗೆ ಮೈಸೂರಿನ ಪದವಿ ಹೇಗೆ ಬಂತೆಂದು ಇಂದಿನ ವಿದ್ಯಾರ್ಥಿಗಳು ಕೇಳಿದಾಗ, ನಾನು ಹೇಳದೆಯೇ ನನ್ನ ವಯಸ್ಸು ಅವರಿಗೆ ತಿಳಿದುಬಿಡುತ್ತದೆ. ಮಂಗಳೂರು ವಿಶ್ವವಿದ್ಯಾನಿಲಯ ಸ್ಥಾಪನೆಯಾದದ್ದು 1980ರಲ್ಲಿ. ನಮ್ಮ ತಂಡ ಅದಕ್ಕೆ ಮೊದಲೇ ಕಾಲೇಜು ಬಿಟ್ಟಿತ್ತು. ಉಡುಪಿ ಆಗ ದಕ್ಷಿಣ ಕನ್ನಡದ ಒಂದು ತಾಲೂಕು. ಜಿಲ್ಲೆಯಾದದ್ದು 1997ರಲ್ಲಿ. ಕುಂದಾಪುರದ ಕಡೆಯಿಂದ ನಾವು ಬರುತ್ತಿದ್ದ ರಸ್ತೆಯನ್ನು ಇಂದಿಗೂ ನಾನು ಹೆದ್ದಾರಿ 17 ಎಂದೇ ಕರೆಯುತ್ತೇನೆ, ಮಕ್ಕಳು 66 ಎಂದು ತಿದ್ದುತ್ತಾರೆ.

ಆದರೆ ಹೆಸರು, ಸಂಖ್ಯೆಗಳನ್ನು ಯಾವ ದಾಖಲೆಯಲ್ಲಾದರೂ ನೋಡಿ ತಿಳಿಯಬಹುದು. ದಿನನಿತ್ಯ ಕೈಯಲ್ಲಿ ಹಿಡಿದ ವಸ್ತುಗಳ ಬಳಕೆ ಹಾಗಲ್ಲ. ವಸ್ತು ಉಳಿದರೂ ಅದನ್ನು ಬಳಸುತ್ತಿದ್ದ ಕ್ರಮ ಬಳಸಿದವರೊಂದಿಗೇ ಹೋಗುತ್ತದೆ. ಆದ್ದರಿಂದ ಅಂಥ ಕೆಲವನ್ನು ಈ ಸಂಚಿಕೆಯಲ್ಲಿ ಬರೆದಿಡುವುದು ನನ್ನ ಕರ್ತವ್ಯವೆಂದು ಭಾವಿಸಿದ್ದೇನೆ.

ಮೊದಲನೆಯದು ಕ್ಲಾರ್ಕ್ಸ್ ಟೇಬಲ್, ಅಂದರೆ ಲಾಗರಿದಮ್ (ಲಾಗ್) ಕೋಷ್ಟಕಗಳ ಪುಸ್ತಕ. ವಿಜ್ಞಾನ ವಿದ್ಯಾರ್ಥಿಗಳು ಅದಿಲ್ಲದೆ ಪ್ರಯೋಗಾಲಯದ ಹೊಸ್ತಿಲು ದಾಟುತ್ತಿರಲಿಲ್ಲ. ಕ್ಯಾಲ್ಕುಲೇಟರ್ ನಮ್ಮ ಪಾಲಿಗೆ ಕೇಳಿ ತಿಳಿದ ವಸ್ತುವಷ್ಟೇ ಆಗಿತ್ತು. ಗುಣಾಕಾರ, ಭಾಗಾಕಾರ, ವರ್ಗಮೂಲಗಳೆಲ್ಲವೂ ಆ ತೆಳು ಪುಸ್ತಕದ ಮೂಲಕವೇ ನಡೆಯಬೇಕಿತ್ತು. ಎರಡರ ಲಾಗ್ 0.3010, ಮೂರರದು 0.4771, ಎರಡನ್ನೂ ಕೂಡಿದರೆ 0.7781, ಕೊನೆಯ ಅಂಕಿಯಲ್ಲಿ ಒಂದರ ವ್ಯತ್ಯಾಸ ಬಿಟ್ಟರೆ ಅದೇ ಆರರ ಲಾಗ್. ಗುಣಿಸುವ ಕೆಲಸ ಹೀಗೆ ಕೂಡುವ ಕೆಲಸವಾಗಿ ಇಳಿಯುವುದನ್ನು ಮೊದಲ ಬಾರಿ ಕಂಡಾಗ ಆದ ಸಂತೋಷ ನನಗೆ ಇಂದಿಗೂ ಹಸಿಯಾಗಿದೆ. ಸರಳ ಲೋಲಕದ ಪ್ರಯೋಗದಲ್ಲಿ ಗುರುತ್ವ ವೇಗೋತ್ಕರ್ಷವನ್ನು ಕಂಡುಹಿಡಿಯುವಾಗ ನಾಲ್ಕು ಪೈ ವರ್ಗದ ಲಾಗ್ ಪ್ರತಿ ಸಲವೂ ಬೇಕಾಗುತ್ತಿದ್ದುದರಿಂದ 1.5964 ಎಂಬ ಸಂಖ್ಯೆ ನಮ್ಮ ತಂಡದವರೆಲ್ಲರಿಗೂ ಬಾಯಿಪಾಠವಾಗಿತ್ತು. ಸಾಲಿನ ಮೇಲೆ ಅಡಿಪಟ್ಟಿ ಇಟ್ಟು, ಬಲಗಡೆಯ ಅಂಕಣದಿಂದ ಸರಾಸರಿ ವ್ಯತ್ಯಾಸವನ್ನು ಸೇರಿಸಿ, ಕೊನೆಗೆ ಪ್ರತಿಲಾಗ್, ಅಂದರೆ ಆ ಲಾಗ್ ಯಾವ ಸಂಖ್ಯೆಯದೆಂದು ನೋಡಿ ದಶಮಾಂಶ ಬಿಂದುವನ್ನು ಸರಿಯಾದ ಸ್ಥಾನದಲ್ಲಿ ಇಡುವವರೆಗೆ ಉತ್ತರ ನಮ್ಮದಾಗುತ್ತಿರಲಿಲ್ಲ. ಬಿಂದುವನ್ನು ಎಲ್ಲಿಡಬೇಕೆಂಬುದನ್ನು ಪುಸ್ತಕ ಹೇಳುತ್ತಿರಲಿಲ್ಲ. ಉತ್ತರ ಸುಮಾರು ಎಷ್ಟಿರಬೇಕೆಂಬ ಅಂದಾಜು ನಮಗೇ ಇರಬೇಕಿತ್ತು. ಆ ಅಂದಾಜಿನ ಶಿಕ್ಷಣವನ್ನು ನಾನು ನನ್ನ ಓದಿನ ಅತ್ಯಂತ ಬೆಲೆಬಾಳುವ ಭಾಗವೆಂದು ಎಣಿಸುತ್ತೇನೆ. ಸುರತ್ಕಲ್ಲಿನ ಇಂಜಿನಿಯರಿಂಗ್ ಕಾಲೇಜಿಗೆ ಸೇರಿದ್ದ ಗೆಳೆಯರ ಕೈಯಲ್ಲಿ ಸ್ಲೈಡ್ ರೂಲ್ ಇರುತ್ತಿತ್ತು. ಅದೂ ಇದೇ ತತ್ತ್ವದ್ದು: ಲಾಗ್‌ಗಳನ್ನು ಉದ್ದಗಳಾಗಿ ಗುರುತಿಸಿ, ಪಟ್ಟಿಯನ್ನು ಸರಿಸಿ ಕೂಡುವುದು.

ಪರೀಕ್ಷೆ ಸಮೀಪಿಸಿತೆಂಬುದು ಕಚೇರಿಯ ಕಡೆಯಿಂದ ಬರುವ ಶಾಯಿಯ ವಾಸನೆಯಿಂದ ತಿಳಿಯುತ್ತಿತ್ತು. ಕಾಲೇಜಿನ ಒಳಪರೀಕ್ಷೆಗಳ ಪ್ರಶ್ನೆಪತ್ರಿಕೆ ಸೈಕ್ಲೋಸ್ಟೈಲ್ ಯಂತ್ರದಲ್ಲಿ ಸಿದ್ಧವಾಗುತ್ತಿತ್ತು. ಮೇಣ ಲೇಪಿಸಿದ ಸ್ಟೆನ್ಸಿಲ್ ಹಾಳೆಯ ಮೇಲೆ, ಟೈಪ್‌ರೈಟರಿನ ರಿಬ್ಬನ್ ಅಡ್ಡ ಬಾರದಂತೆ ಇರಿಸಿ ಅಕ್ಷರಗಳನ್ನು ಒತ್ತಿದರೆ, ಅಕ್ಷರ ಬಿದ್ದಲ್ಲಿ ಮೇಣ ಕತ್ತರಿಸಿಹೋಗುತ್ತಿತ್ತು. ಆ ಹಾಳೆಯನ್ನು ಉರುಳೆಗೆ ಕಟ್ಟಿ ಹಿಡಿಕೆ ತಿರುಗಿಸಿದಾಗ ಶಾಯಿ ಆ ಸೀಳುಗಳ ಮೂಲಕವಷ್ಟೇ ಕಾಗದಕ್ಕೆ ಇಳಿಯುತ್ತಿತ್ತು. ಕನ್ನಡದ ಪ್ರಶ್ನೆಪತ್ರಿಕೆಯನ್ನು ಮಾತ್ರ ಅಧ್ಯಾಪಕರು ಲೋಹದ ಮೊನೆಯ ಲೇಖನಿಯಿಂದ ಸ್ವತಃ ಕೊರೆದು ಬರೆಯುತ್ತಿದ್ದರು. ಹೀಗಾಗಿ ಪ್ರಶ್ನೆಗಳೊಂದಿಗೆ ಅವರ ಕೈಬರಹವೂ ನಮ್ಮ ಮೇಜಿಗೆ ಬರುತ್ತಿತ್ತು. ಒತ್ತಕ್ಷರಗಳನ್ನು ಒಂದೂ ಹರಿಯದಂತೆ ಮೇಣದ ಮೇಲೆ ಮೂಡಿಸಲು ಎಷ್ಟು ಸಂಯಮ ಬೇಕೆಂದು ನಾನೂ ಅಧ್ಯಾಪಕ ವೃತ್ತಿಗೆ ಬಂದ ಮೇಲೆ ಅರಿತೆ.

ಶಾಯಿ ಪೆನ್ನು, ಬ್ರಿಲ್ ಶಾಯಿಯ ಬಾಟಲಿ, ಒತ್ತುಕಾಗದ ಎಲ್ಲರ ಬಳಿಯೂ ಇದ್ದವು. ಅವುಗಳ ಬಗ್ಗೆ ಬೇರೆಯವರು ಬೇಕಾದಷ್ಟು ಬರೆದಿದ್ದಾರೆ. ನಾನು ಹೇಳಬೇಕಾದದ್ದು ಮನಿಯಾರ್ಡರ್ ಫಾರಂ ಕುರಿತು. ಹಾಸ್ಟೆಲಿನ ಖರ್ಚಿಗೆಂದು ತಂದೆಯವರು ಊರಿನ ಅಂಚೆ ಕಚೇರಿಯಲ್ಲಿ ಕಟ್ಟಿದ ಹಣವನ್ನು ಅಂಚೆಯಣ್ಣ ಇಲ್ಲಿ ಸಹಿ ಹಾಕಿಸಿಕೊಂಡು ಎಣಿಸಿ ಕೊಟ್ಟು, ಫಾರಮಿನ ಕೆಳತುದಿಯ ಸಂದೇಶದ ಚೀಟಿಯನ್ನೂ ಹರಿದು ಕೈಗಿಡುತ್ತಿದ್ದರು. ಅದರಲ್ಲಿ ನಾಲ್ಕೈದು ಸಾಲಿಗಷ್ಟೇ ಜಾಗ. ಇನ್‌ಲ್ಯಾಂಡ್ ಪತ್ರದಲ್ಲಿ ಮಡಿಕೆಯ ಅಂಚಿನವರೆಗೂ ಬರೆಯುತ್ತಿದ್ದ ತಂದೆಯವರು ಈ ಚೀಟಿಯಲ್ಲಿ ಮಳೆ, ಗದ್ದೆ, ಅಜ್ಜಿಯ ಆರೋಗ್ಯ ಇಷ್ಟನ್ನೇ ತಿಳಿಸುತ್ತಿದ್ದರು. ಹಣದ ಮಾತನ್ನು ಒಮ್ಮೆಯೂ ಬರೆಯಲಿಲ್ಲ. ಆ ಮೊತ್ತವನ್ನು ಹೊಂದಿಸಲು ಅವರು ಪಟ್ಟ ಕಷ್ಟ ನನಗೆ ತಿಳಿಯಬಾರದೆಂಬುದು ಅವರ ಇಚ್ಛೆಯಾಗಿತ್ತೆಂದು ಈಗ ಅನ್ನಿಸುತ್ತದೆ. ಚೀಟಿಗಳನ್ನೆಲ್ಲ ತಗಡಿನ ಟ್ರಂಕಿನ ತಳದಲ್ಲಿ ಹಾಸಿದ ಕಾಗದದ ಕೆಳಗೆ ಇಟ್ಟಿದ್ದೆ, ಇಂದಿಗೂ ನನ್ನಲ್ಲಿವೆ.

1976ರ ಡಿಸೆಂಬರಿನಲ್ಲಿ ಮಂಗಳೂರು ಆಕಾಶವಾಣಿ ಆರಂಭವಾದಾಗ ನಾವು ಹಾಸ್ಟೆಲಿನಲ್ಲಿದ್ದೆವು. ನಮ್ಮ ಊರಿನವರಂತೆಯೇ ಮಾತನಾಡುವ ದನಿಗಳು, ತುಳು, ಕೊಂಕಣಿ ನುಡಿಗಳು ರೇಡಿಯೋದಿಂದ ಕೇಳಿಬಂದದ್ದು ನಮಗೆ ಹೊಸ ಅನುಭವ. ಆಗ ರೇಡಿಯೋ ಇಟ್ಟುಕೊಳ್ಳಲು ಪರವಾನಗಿ ಬೇಕಿತ್ತು. ಅದರ ಶುಲ್ಕವನ್ನು ಅಂಚೆ ಕಚೇರಿಯಲ್ಲಿ ಕಟ್ಟಬೇಕಿತ್ತು ಎಂದರೆ ಈಗಿನವರು ನಂಬಲು ಹಿಂಜರಿಯುತ್ತಾರೆ.

ನನ್ನ ಕ್ಲಾರ್ಕ್ಸ್ ಟೇಬಲ್ ಹೊಸದಾಗಿ ಕೊಂಡದ್ದಲ್ಲ. ಮೊದಲ ಪುಟದಲ್ಲಿ ನನಗಿಂತ ಹಿಂದಿನ ತಂಡಗಳವರ ಹೆಸರುಗಳಿವೆ, ಒಂದನ್ನು ಹೊಡೆದು ಅದರ ಕೆಳಗೆ ಇನ್ನೊಂದು. ನನ್ನ ಹೆಸರಿನ ಕೆಳಗೆ ತಮ್ಮನ ಹೆಸರಿದೆ. ಅಲ್ಲಿಗೆ ಸಾಲು ನಿಂತಿದೆ. ಈ ಪುಸ್ತಕವನ್ನು ಕಾಲೇಜಿನ ಗ್ರಂಥಾಲಯಕ್ಕೆ ಒಪ್ಪಿಸಲು ಬಯಸಿದ್ದೇನೆ. ನನ್ನ ಸಹಪಾಠಿಗಳಲ್ಲಿ ಯಾರಲ್ಲಾದರೂ ಸೈಕ್ಲೋಸ್ಟೈಲ್ ಪ್ರಶ್ನೆಪತ್ರಿಕೆಗಳು ಉಳಿದಿದ್ದರೆ, ಮುಖ್ಯವಾಗಿ ಕನ್ನಡ ಅಧ್ಯಾಪಕರ ಕೈಬರಹದವು, ದಯವಿಟ್ಟು ಅವನ್ನೂ ಗ್ರಂಥಾಲಯಕ್ಕೆ ತಲುಪಿಸಬೇಕು. ಜೊತೆಗೆ ಯಾವ ವರ್ಷದ್ದು, ಯಾವ ತರಗತಿಯದ್ದು ಎಂದು ಹಿಂಬದಿಯಲ್ಲಿ ಪೆನ್ಸಿಲಿನಿಂದ ಬರೆದಿಡಬೇಕೆಂದು ಕೋರುತ್ತೇನೆ.