ಬೆಂಕಿಪೊಟ್ಟಣದಲ್ಲಿ ಬಂದ ಕಡಜ

ಹಾಸನದ ಒಂದು ಲ್ಯಾಬಿನಲ್ಲಿ ಹನ್ನೊಂದು ವರ್ಷದಿಂದ ರಕ್ತ ತೆಗೆಯುತ್ತಿದ್ದೇನೆ. ಶುಗರ್, ಥೈರಾಯ್ಡ್, ಡೆಂಗೆ, ಇವೇ ದಿನದ ಕೆಲಸ. ಅಲರ್ಜಿ ಟೆಸ್ಟ್ ತಿಂಗಳಿಗೆ ನಾಲ್ಕೈದು ಬಂದರೆ ಜಾಸ್ತಿ. ಅದನ್ನೂ ನಾವು ಮಾಡುವುದಿಲ್ಲ. ರಕ್ತದ ತಿಳಿ ಭಾಗವಾದ ಸೀರಂ ಬೇರೆ ಮಾಡಿ, ಐಸ್ ಪ್ಯಾಕ್ ಇಟ್ಟು ಬೆಂಗಳೂರಿಗೆ ಕಳಿಸುತ್ತೇವೆ. ಹಾಗಾಗಿ ಅಲರ್ಜಿ ರಿಪೋರ್ಟ್ ಅಂದರೆ ನನಗೆ ಪ್ರಿಂಟ್ ತೆಗೆದು ಕೊಡುವ ಕಾಗದ, ಅಷ್ಟೇ.

ಹೋದ ಮೇ ತಿಂಗಳಲ್ಲಿ ಸಕಲೇಶಪುರದ ಕಡೆಯವರೊಬ್ಬರು ಹೆಂಡತಿ ಜೊತೆ ಬಂದರು. ಕಾಫಿ ತೋಟದಲ್ಲಿ ಮರಗಸಿ ಮಾಡುವವರು. ವಾರದ ಹಿಂದೆ ಮರದ ಮೇಲೆ ಕೊಂಬೆ ಕಡಿಯುವಾಗ ಕುತ್ತಿಗೆಗೆ ಹುಳ ಕಚ್ಚಿದೆ. ಇಳಿಯುವಷ್ಟರಲ್ಲಿ ಮೈಯೆಲ್ಲ ದದ್ದು, ಉಸಿರು ಕಟ್ಟಿದ ಹಾಗೆ, ಕಣ್ಣಿಗೆ ಕತ್ತಲೆ. ತೋಟದ ಜೀಪಿನಲ್ಲಿ ಆಸ್ಪತ್ರೆಗೆ ಹಾಕಿಕೊಂಡು ಹೋಗಿ, ತೊಡೆಗೆ ಅಡ್ರಿನಲಿನ್ ಚುಚ್ಚಿದ ಮೇಲೆ ಜೀವ ಬಂತಂತೆ. ಡಾಕ್ಟರ್ ಚೀಟಿಯಲ್ಲಿ ಎರಡು ಟೆಸ್ಟ್ ಇತ್ತು: ಜೇನಿನ ವಿಷಕ್ಕೆ ಐಜಿಇ, ಕಡಜದ ವಿಷಕ್ಕೆ ಐಜಿಇ. ಐಜಿಇ ಅಂದರೆ ಅಲರ್ಜಿಗೆ ಕಾರಣವಾಗುವ, ನಮ್ಮ ಮೈಯೇ ಮಾಡಿಕೊಳ್ಳುವ ಪ್ರತಿಕಾಯ.

ಫಾರಂನಲ್ಲಿ ಏನಾಯಿತು ಅಂತ ಬರೆಯೋಕೆ ಎರಡು ಗೆರೆ ಜಾಗ ಇರುತ್ತದೆ. ಹೊರಗೆ ಹದಿನೈದು ಜನ ಖಾಲಿ ಹೊಟ್ಟೆಯಲ್ಲಿ ಶುಗರ್ ಟೆಸ್ಟಿಗೆ ಕೂತಿದ್ದರು. ಬರೆಯದೆ ಬಿಟ್ಟೆ. ಆ ಹೆಂಗಸು ಬ್ಯಾಗಿನಿಂದ ಒಂದು ಬೆಂಕಿಪೊಟ್ಟಣ ತೆಗೆದು, "ಮೇಡಂ, ಇದನ್ನ ಒಸಿ ನೋಡ್ತೀರಾ?" ಅಂದರು.

"ಬೇಡಕ್ಕ, ನಮಗೆ ರಕ್ತ ಸಾಕು" ಅಂದೆ.

ರಿಪೋರ್ಟ್ ಬಂತು. ಎರಡೂ ಪಾಸಿಟಿವ್. ಜೇನಿಗೆ ಸ್ವಲ್ಪ ಜಾಸ್ತಿಯೇ. ಅವರು ಕೌಂಟರ್‌ನಲ್ಲೇ ಕೇಳಿದರು, "ಹಂಗಾದ್ರೆ ಜೇನೂ ಆಗಲ್ವಾ ಮೇಡಂ?" "ಹೌದು, ಜೇನಿಗೇ ಜಾಸ್ತಿ ಇದೆ, ಹುಷಾರು" ಅಂದುಬಿಟ್ಟೆ. ಹೇಳುವ ಅಧಿಕಾರ ನನಗಿರಲಿಲ್ಲ, ತಿಳಿವಳಿಕೆಯೂ ಇರಲಿಲ್ಲ. ಮನೆ ಹಿಂದೆ ಎರಡು ತುಡುವೆ ಜೇನಿನ ಪೆಟ್ಟಿಗೆ ಇಟ್ಟಿದ್ದರಂತೆ. ಅವತ್ತು ಸಂಜೆಯೇ ಭಾಮೈದನಿಗೆ ಕೊಟ್ಟುಬಿಟ್ಟರು.

ಮೂರನೇ ದಿನ ಡಾಕ್ಟರ್ ಫೋನ್ ಮಾಡಿದರು. "ಯಾವ ಹುಳ ಅಂತ ಕೇಳಿದ್ರೇನಮ್ಮಾ? ಮುಳ್ಳು ಚರ್ಮದಲ್ಲಿ ಉಳಿದಿತ್ತಾ?" ಜೇನಿನ ಮುಳ್ಳಿಗೆ ಕೊಕ್ಕೆ ಇರುತ್ತದೆ, ಕಚ್ಚಿದ ಜಾಗದಲ್ಲೇ ಕಿತ್ತುಕೊಂಡು ಉಳಿಯುತ್ತದೆ. ಕಡಜ ಚುಚ್ಚಿ, ಮುಳ್ಳು ಸಮೇತ ಹಾರಿಹೋಗುತ್ತದೆ. ಈ ಒಂದು ಪ್ರಶ್ನೆಗೆ ಒಂದು ರೂಪಾಯಿ ಖರ್ಚಿಲ್ಲ ನೋಡಿ.

ಆಮೇಲೆ ಅವರು ಹೇಳಿದ್ದನ್ನು ನಾನು ಪೇಷೆಂಟ್ ಚೀಟಿಯ ಹಿಂದೆಯೇ ಬರೆದುಕೊಂಡೆ. ಮಾಮೂಲಿ ಟೆಸ್ಟಿನಲ್ಲಿ ಇಡೀ ವಿಷವನ್ನು ಬಳಸುತ್ತಾರೆ. ಅದರಲ್ಲಿ ಹತ್ತಾರು ಪ್ರೋಟೀನ್. ಕೆಲವು ಪ್ರೋಟೀನ್‌ಗಳಿಗೆ ಸಕ್ಕರೆಯ ಸರಪಳಿ ಅಂಟಿಕೊಂಡಿರುತ್ತದೆ. ಅದೇ ಸರಪಳಿ ಜೇನಿನಲ್ಲೂ ಇದೆ, ಕಡಜದಲ್ಲೂ ಇದೆ, ಗಿಡಗಳಲ್ಲೂ ಇದೆ. ನಮ್ಮ ಮೈ ಆ ಸಕ್ಕರೆಗೆ ಐಜಿಇ ಮಾಡಿಕೊಂಡಿದ್ದರೆ ಸಾಮಾನ್ಯವಾಗಿ ತೊಂದರೆ ಏನಿಲ್ಲ, ಆದರೆ ಟೆಸ್ಟ್ ಮಾತ್ರ ಎರಡೂ ಕಡೆ ಪಾಸಿಟಿವ್ ತೋರಿಸುತ್ತದೆ. ಕೀಟದ ವಿಷಕ್ಕೆ ಅಲರ್ಜಿ ಇರುವವರಲ್ಲಿ ಹೆಚ್ಚುಕಡಿಮೆ ಅರ್ಧ ಜನಕ್ಕೆ ಹೀಗೆ ಎರಡೂ ಬರುವುದುಂಟು.

ಅದಕ್ಕೇ ವಿಷದ ಪ್ರೋಟೀನ್‌ಗಳನ್ನು ಒಂದೊಂದಾಗಿ ಬಿಡಿಸಿ ಗುರುತು ಮಾಡಿದ್ದಾರೆ. ಹೆಸರಿಡುವ ಕ್ರಮ ನನಗೆ ಇಷ್ಟವಾಯಿತು. ವೆಸ್ಪುಲಾ ವಲ್ಗಾರಿಸ್ ಅನ್ನುವ ಕಡಜದ್ದಾದರೆ ವೆಸ್ ವಿ 1, ವೆಸ್ ವಿ 5. ಏಪಿಸ್ ಮೆಲಿಫೆರಾ ಜೇನಿನದ್ದಾದರೆ ಏಪಿ ಎಂ 1, ಏಪಿ ಎಂ 10. ನಮ್ಮ ಮನೆತನದ ಇನಿಷಿಯಲ್ ಇದ್ದ ಹಾಗೆ. ಇವನ್ನು ಸಕ್ಕರೆ ಅಂಟದ ಹಾಗೆ ಲ್ಯಾಬಿನಲ್ಲೇ ತಯಾರಿಸುತ್ತಾರೆ. ವೆಸ್ ವಿ 1, 5 ಜೇನಿನ ವಿಷದಲ್ಲಿ ಇಲ್ಲವೇ ಇಲ್ಲ. ಸಕ್ಕರೆಯ ಕಿತಾಪತಿ ಹಿಡಿಯೋಕೆ ಬ್ರೋಮಲೈನ್ ಅಂತ ಇನ್ನೊಂದು ಟೆಸ್ಟ್. ಅದು ಅನಾನಸ್ ಗಿಡದ್ದು, ಅದರಲ್ಲೂ ಅಂಥದೇ ಸಕ್ಕರೆ! ಕಡಜದ ಅಲರ್ಜಿ ಹುಡುಕೋಕೆ ಅನಾನಸ್ ಬೇಕು ಅಂದಾಗ ನನಗೆ ನಗು ಬಂತು.

ಇಡೀ ವಿಷ ಬಳಸಿದರೆ ಇನ್ನೊಂದು ತೊಂದರೆ. ಒಂದು ಕಾಲದಲ್ಲಿ ಕಡಜದ ಟೆಸ್ಟಿನಲ್ಲಿ ವೆಸ್ ವಿ 5 ಸಾಕಷ್ಟು ಇರಲಿಲ್ಲ, ಅಲರ್ಜಿ ಇದ್ದ ಕೆಲವರಿಗೂ ನೆಗೆಟಿವ್ ಬರುತ್ತಿತ್ತು. ಅದನ್ನು ಬೇರೆಯಾಗಿ ತಯಾರಿಸಿ ಸೇರಿಸಿದ ಮೇಲೆ ಸರಿಹೋಯಿತು. ಅದಕ್ಕೂ ಹಿಂದಿನ ಕಥೆ ಕೇಳಿದರೆ ಬೆಚ್ಚಿಬೀಳುತ್ತೀರಿ. ಮೈಗೆ ವಿಷವನ್ನು ಸ್ವಲ್ಪಸ್ವಲ್ಪವಾಗಿ ರೂಢಿ ಮಾಡಿಸಿ ಅಲರ್ಜಿ ತಗ್ಗಿಸುವ ಚಿಕಿತ್ಸೆಗೆ ಇಡೀ ಹುಳವನ್ನೇ ಅರೆದು ಅದರ ಸಾರವನ್ನು ಚುಚ್ಚುತ್ತಿದ್ದರು. ಅದಕ್ಕೂ ಸುಮ್ನೆ ಔಷಧಿಯಿಲ್ಲದ ನೀರು ಚುಚ್ಚುವುದಕ್ಕೂ ವ್ಯತ್ಯಾಸವಿಲ್ಲ, ಶುದ್ಧ ವಿಷದಿಂದಲೇ ಗುಣ ಅಂತ ಗೊತ್ತಾಗಿದ್ದು 1978ರಲ್ಲಿ.

ಕಚ್ಚಿದ ವಾರಕ್ಕೇ ರಕ್ತ ತೆಗೆದರೆ ಐಜಿಇ ಕಡಿಮೆ ಕಾಣಬಹುದು, 4ರಿಂದ 6 ವಾರ ಬಿಟ್ಟು ನೋಡಬೇಕು ಅಂತ ಡಾಕ್ಟರ್ ಮತ್ತೆ ಕರೆಸಿದರು. ಈ ಸಲ ನಾನೇ ಕೇಳಿದೆ, "ಅಕ್ಕ, ಆ ಬೆಂಕಿಪೊಟ್ಟಣ ಇದೆಯಾ?"

ಇತ್ತು. ಟ್ಯೂಬ್ ಲೈಟ್ ಕೆಳಗೆ ಬಿಳಿ ಹಾಳೆ ಮೇಲೆ ಹಾಕಿದೆ. ಒಣಗಿ ಸುರುಟಿದ್ದರೂ ಹೊಟ್ಟೆಯ ಮುಂಭಾಗ ಕಿತ್ತಳೆ ಹಳದಿ, ಹಿಂಭಾಗ ಕಡು ಕಪ್ಪು, ನಡುವೆ ಗೆರೆ ಎಳೆದ ಹಾಗೆ. ಫೋಟೋ ನೋಡಿದ ಡಾಕ್ಟರ್ "ವೆಸ್ಪಾ ಅಫಿನಿಸ್" ಅಂದರು, ಅದೂ ಒಂದು ಜಾತಿಯ ಕಡಜ. ಟೆಸ್ಟಿನಲ್ಲಿರುವ ವೆಸ್ಪುಲಾ ನಮ್ಮ ತೋಟಗಳ ಹುಳ ಅಲ್ಲ. ಆದರೂ ಎರಡರ 5ನೇ ನಂಬರ್ ಪ್ರೋಟೀನ್ ಹೋಲುತ್ತದೆ, ಹಾಗಾಗಿ ಹಿಡಿಯುವ ಸಾಧ್ಯತೆ ಹೆಚ್ಚು. ದೂರದ ಸಂಬಂಧದ ಕಡಜವಾದರೆ ತಪ್ಪಿಸಿಕೊಳ್ಳಬಹುದು. ಅಂದರೆ ನೆಗೆಟಿವ್ ಬಂತು ಅಂತಲೂ ಕಣ್ಣುಮುಚ್ಚಿ ನಂಬೋ ಹಾಗಿಲ್ಲ.

ವೆಸ್ ವಿ 5 ಪಾಸಿಟಿವ್ ಬಂತು. ಏಪಿ ಎಂ 1, 10 ಎರಡೂ ನೆಗೆಟಿವ್. ಅನಾನಸ್ಸಿನದೂ ಪಾಸಿಟಿವ್. ವರ್ಷಗಟ್ಟಲೆ ತುಡುವೆ ಕಚ್ಚಿಸಿಕೊಂಡಿದ್ದಾರೆ, ಒಂದು ಗುಳ್ಳೆ ಎದ್ದು ಹೋಗಿದ್ದು ಬಿಟ್ಟರೆ ಏನೂ ಆಗಿಲ್ಲ. ಕಡಜವೇ ಕಳ್ಳ, ಜೇನಿನ ತಪ್ಪಿಲ್ಲ ಅಂತ ಡಾಕ್ಟರೇ ಕೂರಿಸಿಕೊಂಡು ಹೇಳಿದರು. ಮರ ಹತ್ತುವ ಕೆಲಸ ಬಿಡಿಸಿದರು. ಈಗ ಅವರು ಕಣದಲ್ಲಿ ಕಾಫಿ ಒಣಗಿಸುವುದನ್ನು ನೋಡಿಕೊಳ್ಳುತ್ತಾರೆ. ಪೆಟ್ಟಿಗೆಗಳು ಭಾಮೈದನ ಮನೆಯಿಂದ ವಾಪಸ್ ಬಂದವು. ಒಂದರಲ್ಲಿ ಜೇನಿತ್ತು, ಇನ್ನೊಂದರದು ಹಾರಿಹೋಗಿತ್ತು. ಆ ಖಾಲಿ ಪೆಟ್ಟಿಗೆ ನನ್ನ ಲೆಕ್ಕಕ್ಕೆ.

ಫಾರಂನ ಆ ಎರಡು ಗೆರೆ ಈಗ ನಾನು ಖಾಲಿ ಬಿಡುವುದಿಲ್ಲ. ಯಾವ ಹುಳ, ಮುಳ್ಳಿತ್ತಾ, ಎಷ್ಟು ದಿನವಾಯಿತು, ಹಿಂದೆ ಕಚ್ಚಿತ್ತಾ, ಎಲ್ಲ ಬರೆಯುತ್ತೇನೆ. ಬೆಂಕಿಪೊಟ್ಟಣ ನನ್ನ ಡ್ರಾಯರಿನಲ್ಲೇ ಇದೆ. ಮೊನ್ನೆ ಶುಕ್ರವಾರ ಪೂಜೆಗೆ ದೀಪ ಹಚ್ಚೋಕೆ ಹೊಸ ಹುಡುಗಿ ಅದನ್ನು ತೆಗೆದು ಕಿರುಚಿಕೊಂಡಳು.