ನೀರು ತರಲು ಹೋದವಳ ಕೈಪಟ್ಟಿ

ಅಹಮದಾಬಾದಿನಲ್ಲಿ ಮೂರು ದಿನ ಇದ್ದೆವು. ಸಾಬರಮತಿ ಆಶ್ರಮಕ್ಕೆ ಹೋದೆವು, ಅಡಾಲಜಿನ ಮೆಟ್ಟಿಲುಬಾವಿಗೆ ಇಳಿದೆವು, ಸಿಹಿ ದಾಲನ್ನು ಉಣ್ಣಲಾರದೆ ಉಂಡೆವು. ಇವುಗಳ ಬಗ್ಗೆ ಬರೆದವರು ಬೇಕಾದಷ್ಟು ಜನ ಇದ್ದಾರೆ. ನಾನು ಬರೆಯಲು ಕುಳಿತಿರುವುದು 2025ರ ಜನವರಿ 26ರ ರಾತ್ರಿ ಅಲ್ಲಿ ನಡೆದ ಕೋಲ್ಡ್‌ಪ್ಲೇ ಸಂಗೀತ ಕಾರ್ಯಕ್ರಮದ ನಾಲ್ಕೈದು ನಿಮಿಷಗಳ ಬಗ್ಗೆ. ಆ ಹೊತ್ತಿನಲ್ಲಿ ನನ್ನ ಗೆಳತಿ ನನ್ನ ಪಕ್ಕದಲ್ಲಿರಲಿಲ್ಲ.

ಬ್ರಿಟನ್ನಿನ ಈ ರಾಕ್ ತಂಡದ ಹುಚ್ಚು ಹತ್ತಿಸಿದವಳೇ ಅವಳು. ಹಾಸ್ಟೆಲಿನ ಕಿಟಕಿಯಲ್ಲಿ ಅವಳ ಟೇಪ್‌ರೆಕಾರ್ಡರ್ ಇರುತ್ತಿತ್ತು. ಅದರಲ್ಲಿ ಆ ತಂಡದ ಮೊದಲ ಆಲ್ಬಂ, 2000ದಲ್ಲಿ ಬಂದ ‘ಪ್ಯಾರಾಶೂಟ್ಸ್’. ‘ಯೆಲ್ಲೋ’ ಹಾಡನ್ನು ಹಿಂದೆ ತಿರುಗಿಸಿ ತಿರುಗಿಸಿ ಕೇಳಿ ಟೇಪು ಸವೆದು, ನಡುವೆ ಒಂದು ಕಡೆ ಸ್ವರ ಜೋಲಿ ಹೊಡೆಯುತ್ತಿತ್ತು. ಈಗ ಮೊಬೈಲಿನಲ್ಲಿ ಕೇಳಿದರೂ ಆ ಜಾಗ ಬಂದಾಗ ನನ್ನ ಕಿವಿ ಜೋಲಿಗಾಗಿ ಕಾಯುತ್ತದೆ.

ಹಿಂದಿನ ನವೆಂಬರ್ 16ರಂದು ಟಿಕೆಟ್ ಮಾರಾಟ ತೆರೆದಾಗ ಇಬ್ಬರೂ ಬೇರೆ ಬೇರೆ ಊರಿನಿಂದ ಆನ್‌ಲೈನ್ ಸರದಿಯಲ್ಲಿ ನಿಂತೆವು. ನನಗೆ ಸಿಗಲಿಲ್ಲ, ಅವಳಿಗೆ ಎರಡು ಸಿಕ್ಕವು. ಮೇಲಿನ ಅಂತಸ್ತು. ವೇದಿಕೆಯ ಮೇಲಿನವರು ಅಲ್ಲಿಂದ ಬೆಂಕಿಕಡ್ಡಿಗಳಷ್ಟು ಕಾಣುತ್ತಾರೆ. ಮನೆಯಲ್ಲಿ ನೇರಪ್ರಸಾರ ನೋಡಿದ ನನ್ನ ಅಕ್ಕ ತಂಡದ ಗಾಯಕ ಕ್ರಿಸ್ ಮಾರ್ಟಿನ್‌ನ ಮುಖವನ್ನು ನನಗಿಂತ ಚೆನ್ನಾಗಿ ನೋಡಿದ್ದಾಳೆ. ಅವನು ಬುಮ್ರಾನನ್ನು ಹೊಗಳಿ ಹಾಡು ಕಟ್ಟಿದ್ದು, ಗಣರಾಜ್ಯೋತ್ಸವವೆಂದು ‘ವಂದೇ ಮಾತರಂ’ ಹಾಡಿದ್ದು, ಎಲ್ಲವೂ ಅವಳಿಗೆ ಬಾಯಿಪಾಠ.

ಕಾರ್ಯಕ್ರಮ ನಡೆದ ಮೊಟೇರಾದ ಕ್ರಿಕೆಟ್ ಕ್ರೀಡಾಂಗಣಕ್ಕೆ 1,32,000 ಜನ ಹಿಡಿಯುತ್ತಾರೆ. ಗಾವಸ್ಕರ್ ಹತ್ತು ಸಾವಿರ ರನ್ ಮುಟ್ಟಿದ್ದು 1987ರಲ್ಲಿ ಇದೇ ನೆಲದಲ್ಲಿ, ಆದರೆ ಆಗಿನ ಕಟ್ಟಡ ಈಗಿಲ್ಲ. ನನ್ನ ಮಟ್ಟಿಗೆ ಅದು 2023ರ ನವೆಂಬರ್ 19ರಂದು ನಾವು ವಿಶ್ವಕಪ್ ಫೈನಲ್ ಸೋತ ಜಾಗ. ಸಾವಿರಾರು ಜನ ನೀಲಿ ಅಂಗಿ ತೊಟ್ಟು ಸೂತಕದ ಮನೆಯಂತೆ ಕುಳಿತಿದ್ದನ್ನು ಅಂದು ಟಿವಿಯಲ್ಲಿ ನೋಡಿದ್ದೆ. ಹಾಗಾಗಿ ಮೆಟ್ಟಿಲು ಹತ್ತುವಾಗ ಮನಸ್ಸು ಸ್ವಲ್ಪ ಹಿಂಜರಿಯಿತು. ಗೆಳತಿಗೆ ಕ್ರಿಕೆಟ್ ಎಂದರೆ ಅಷ್ಟಕ್ಕಷ್ಟೇ. ಅವಳು ಎರಡೆರಡು ಮೆಟ್ಟಿಲು ಹಾರಿ ಹತ್ತಿದಳು.

ಒಳಗೆ ಬಿಡುವಾಗ ಎಲ್ಲರಿಗೂ ಒಂದೊಂದು ಕೈಪಟ್ಟಿ ಕೊಡುತ್ತಾರೆ. ದೂರದಿಂದ ಬರುವ ಸಂಕೇತಕ್ಕೆ ಅದರ ದೀಪಗಳು ಹೊತ್ತಿ ಬಣ್ಣ ಬದಲಿಸುತ್ತವೆ. ಈ ತಂಡ 2012ರ ಪ್ರವಾಸದಲ್ಲೇ ಇಂಥದ್ದನ್ನು ಹಂಚಿತ್ತು. ಈಗಿನದು ಗಿಡಮೂಲದ, ಮಣ್ಣಿನಲ್ಲಿ ಕರಗುವ ವಸ್ತುವಿನದು. ಮತ್ತೆ ಬಳಸುವುದಕ್ಕಾಗಿ ಕೊನೆಯಲ್ಲಿ ಹಿಂದಿರುಗಿಸಬೇಕು. ಪ್ರೇಕ್ಷಕರು ಕುಣಿದರೆ ವಿದ್ಯುತ್ ಹುಟ್ಟುವ ನೆಲಹಾಸು, ತುಳಿದರೆ ಬ್ಯಾಟರಿ ತುಂಬುವ ಸೈಕಲ್, ಎಲ್ಲವನ್ನೂ ಈ ಪ್ರವಾಸದಲ್ಲಿ ಜೊತೆಗೆ ಒಯ್ಯುತ್ತಿದ್ದರಂತೆ. ನನಗೆ ಇದು ಮೆಚ್ಚುಗೆ. ಪಟಾಕಿ, ಬಲೂನು, ಮುಖವಾಡಗಳು ಮಾತ್ರ ಜಾತ್ರೆ ಎನ್ನಿಸಿದವು. ತುಟಿ ಬಿಚ್ಚದೆ ಮೂಲೆಯಲ್ಲಿ ನಿಂತು ಗಿಟಾರ್ ನುಡಿಸುವ ಜಾನಿ ಬಕ್‌ಲೆಂಡ್ ಒಬ್ಬನೇ ಸಾಕಿತ್ತು.

ಇನ್ನು ನನ್ನ ತಕರಾರು. ಗೇಟಿನಲ್ಲಿ ನಮ್ಮ ಪವರ್‌ಬ್ಯಾಂಕ್ ಕಿತ್ತುಕೊಂಡು ಒಂದು ರಾಶಿಗೆ ಎಸೆದರು. ಒಳಗೆ ಮೊಬೈಲ್ ಸಿಗ್ನಲ್ ಸತ್ತಿತ್ತು. ಹೋಗುವವರು ದಯವಿಟ್ಟು ಕೇಳಿ: ತಮ್ಮ ಬಾಗಿಲಿನ ಸಂಖ್ಯೆಯನ್ನು ಅಂಗೈ ಮೇಲೆ ಪೆನ್ನಿನಲ್ಲಿ ಬರೆದುಕೊಳ್ಳಿ. ಫೋನ್ ಇದೆಯಲ್ಲ ಎಂಬ ಧೈರ್ಯ ಬೇಡ. ನಾವು ಬರೆದುಕೊಳ್ಳಲಿಲ್ಲ. “ಎರಡು ನಿಮಿಷ, ನೀರು ತರುತ್ತೇನೆ” ಎಂದು ಎದ್ದವಳು ಎರಡು ಹಾಡು ಮುಗಿದರೂ ಬರಲಿಲ್ಲ.

ಆಗ ‘ಯೆಲ್ಲೋ’ ಶುರುವಾಯಿತು.

ಮೊದಲು ಕೆಳಗಿನ ಮೈದಾನ ಹಳದಿಯಾಯಿತು. ನಂತರ ಎದುರಿನ ಅಂತಸ್ತುಗಳು, ಆಮೇಲೆ ನಮ್ಮದು. ಸಾಸಿವೆ ಹೊಲಕ್ಕೆ ಗಾಳಿ ಬೀಸಿದಂತೆ ಅಷ್ಟೂ ಕೈಗಳು ಒಟ್ಟಿಗೆ ವಾಲುತ್ತಿದ್ದವು. ನನ್ನ ಕೈಯೂ ಹಳದಿ. ಟೇಪು ಜೋಲಿ ಹೊಡೆಯುತ್ತಿದ್ದ ಜಾಗ ಬಂತು. ಸ್ವರ ನೆಟ್ಟಗೆ ಹೋಯಿತು. ಕೇಳಿಸಿತೇ ಎಂದು ಪಕ್ಕಕ್ಕೆ ತಿರುಗಿದೆ. ಕುರ್ಚಿಯ ಮೇಲೆ ಅವಳ ಶಾಲು ಇತ್ತು.

ಅವಳು ಬಂದದ್ದು ಇನ್ನೂ ಎರಡು ಹಾಡು ಕಳೆದ ಮೇಲೆ, ಅದೂ ಬರಿಗೈಯಲ್ಲಿ. ಆಗ ಏನೂ ಹೇಳಲಿಲ್ಲ. ಮಾತು ಹೊರಟದ್ದು ಮೆಟ್ರೋ ನಿಲ್ದಾಣದ ಹೊರಗಿನ ಉದ್ದನೆಯ ಸಾಲಿನಲ್ಲಿ.

“ಎಲ್ಲಿ ಸತ್ತಿದ್ದೆ? ಅದೊಂದು ಹಾಡಿಗೆ ತಾನೇ ಇಷ್ಟು ದೂರ ಬಂದದ್ದು!”

“ನೀರಿನ ಕೌಂಟರಿನ ಹುಡುಗ ಚಿಲ್ಲರೆ ಹುಡುಕುತ್ತಿದ್ದ. ಗಿಟಾರ್ ಕೇಳಿಸಿತು. ಗೋಡೆಯಾಚೆಯಿಂದ ಹೇಗಿತ್ತು ಗೊತ್ತಾ? ಥೇಟ್ ನಮ್ಮ ಹಾಸ್ಟೆಲಿನ ಟೇಪ್‌ರೆಕಾರ್ಡರ್.”

“ಆಮೇಲೆ?”

“ಚಿಲ್ಲರೆಯೂ ಬೇಡ, ನೀರೂ ಬೇಡ ಎಂದು ಓಡಿದೆ. ಯಾವ ಬಾಗಿಲು ಎಂದು ನೋಡಲಿಲ್ಲ. ಓಣಿಯಲ್ಲಿ ಇರುವಷ್ಟು ಹೊತ್ತೂ ಇದು ಸುಮ್ಮನಿತ್ತು.” ಮಣಿಕಟ್ಟು ತೋರಿಸಿದಳು. “ಬಾಗಿಲು ದಾಟಿದೆನೋ ಇಲ್ಲವೋ, ಹಳದಿಯಾಗಿ ಹೊತ್ತಿಕೊಂಡಿತು. ನಾನು ಬಂದದ್ದು ಅವರಿಗೆ ತಿಳಿದ ಹಾಗೆ. ಅಲ್ಲೇ ಯಾರದೋ ಮೆಟ್ಟಿಲ ಮೇಲೆ ಕುಳಿತುಬಿಟ್ಟೆ. ಕಾವಲಿನವನು ಏಳಿಸಲಿಲ್ಲ.”

“ಸಂಕೇತ ತಾಗಿದರೆ ಯಾರದ್ದಾದರೂ ಹೊತ್ತುತ್ತದೆ ಕಣೇ.”

“ಇರಲಿ.”

ಆಗ ನೆನಪಾಯಿತು. “ಅದೇಕೆ ಇನ್ನೂ ನಿನ್ನ ಕೈಯಲ್ಲಿದೆ? ಹೊರಗೆ ಪೆಟ್ಟಿಗೆ ಇಟ್ಟಿದ್ದರಲ್ಲ, ನಾನು ಹಾಕಿ ಬಂದೆ.”

ಅವಳು ಉತ್ತರ ಕೊಡಲಿಲ್ಲ. ನಾನು ಮರುಬಳಕೆ, ಪರಿಸರ, ನಿಯತ್ತು ಎಂದೆಲ್ಲ ಭಾಷಣ ಮಾಡಿದೆ. ಮನೆಗೆ ಒಯ್ದರೆ ಅದೊಂದು ನಿರ್ಜೀವ ಬಿಳಿ ಪಟ್ಟಿ, ಮತ್ತೆಂದೂ ಹೊತ್ತುವುದಿಲ್ಲ ಎಂದೆ. ಅವಳು ಸ್ವೆಟರಿನ ತೋಳನ್ನು ಅದರ ಮೇಲೆ ಎಳೆದುಕೊಂಡು ಸಾಲಿನಲ್ಲಿ ಒಂದು ಹೆಜ್ಜೆ ಮುಂದೆ ಹೋದಳು. ಟಿಕೆಟ್ ಕಿಟಕಿ ಇನ್ನೂ ನೂರು ಮಾರು ದೂರವಿತ್ತು. (ಮರಳುವ ಟಿಕೆಟ್ಟನ್ನೂ ಹಗಲೇ ಕೊಂಡುಬಿಡಿ.)

ಹಿಂದಿರುಗುವ ರೈಲು ಕೊಂಕಣ ಮಾರ್ಗದ್ದು. ರತ್ನಾಗಿರಿಯ ಹತ್ತಿರ ಆರೂವರೆ ಕಿಲೋಮೀಟರಿನ ಕಾರ್ಬುಡೆ ಸುರಂಗ ಬಂತು. ಎದುರಿನ ಕಿಟಕಿಯ ಪಕ್ಕ ಕುಳಿತ ಅವಳು ತೋಳು ಮೇಲಕ್ಕೆ ಸರಿಸಿ, ಮಣಿಕಟ್ಟನ್ನು ಸರಳಿಗೆ ಒತ್ತಿ ಹಿಡಿದಿದ್ದಳು. ಸುರಂಗ ಮುಗಿದು ಬೆಳಕು ಒಳಗೆ ನುಗ್ಗಿದಾಗ ಇಬ್ಬರೂ ಅದನ್ನೇ ನೋಡಿದೆವು. ಹೊತ್ತಲಿಲ್ಲ.

ಮುಂದಿನ ಸುರಂಗಕ್ಕೂ ಅವಳು ಕೈ ಎತ್ತಿದಳು.